ಫಾಲ್ಸ್ ಸ್ಟಾರ್ಟ್ ಯಾರ ತಪ್ಪು?

(ಗೋಣಿಕೊಪ್ಪಲಿನಲ್ಲಿ ದೈಹಿಕ ಶಿಕ್ಷಕರು, ಪೋಷಕರು ಮತ್ತು ಓಟ ಕಲಿಯುತ್ತಿರುವ ಮಕ್ಕಳ ಎದುರು ಆಡಿದ ಮಾತಿನ ಬರಹ ರೂಪ.)

ಕೊಡಗಿನವರಿಗೆ ಗುಂಡಿನ ಸದ್ದಿನ ಅರ್ಥ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ತೋಟದ ಆಚೆಯಿಂದ ಸದ್ದು ಕೇಳಿದರೆ ಹಿರಿಯರು ಕೈಲಿದ್ದ ಕೆಲಸ ಬಿಟ್ಟು ಎರಡನೆಯದು ಬರುತ್ತಾ ಅಂತ ಕಿವಿಗೊಡುತ್ತಾರೆ. ಓಟದ ಮೈದಾನದಲ್ಲೂ ಲೆಕ್ಕ ಹಾಗೇ ಇದೆ. ಒಂದು ಗುಂಡು ಅಂದರೆ ಓಟ ಶುರು. ಬೆನ್ನಿಗೇ ಎರಡನೆಯದು ಬಂತೋ, ಯಾರದೋ ಓಟ ಅಲ್ಲಿಗೇ ಮುಗಿಯಿತು. ಇವತ್ತಿನ ಮಾತು ಆ ಎರಡನೇ ಗುಂಡಿನ ಬಗ್ಗೆ.

ನನಗನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪದಿದ್ದರೆ ಕೊನೆಯಲ್ಲಿ ಜಗಳ ಮಾಡಿ. ಫಾಲ್ಸ್ ಸ್ಟಾರ್ಟ್ ಆದ ಕೂಡಲೇ, ಅಂದರೆ ಯಾರಾದರೂ ಗುಂಡಿಗಿಂತ ಮೊದಲೇ ಹೊರಟ ಕೂಡಲೇ, ನಾವೆಲ್ಲ ಓಟಗಾರನ ಕಾಲು ನೋಡುತ್ತೇವೆ. ಗನ್ ಹಿಡಿದವರ ಕೈಯನ್ನು ಯಾರೂ ನೋಡುವುದಿಲ್ಲ. ಓಟ ನ್ಯಾಯವಾಗಿ ಶುರುವಾಯಿತೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಆ ಕೈಯಲ್ಲೇ ಇದೆ. ಶಿಕ್ಷೆ ಎಷ್ಟು ಜೋರಾಗಿರಬೇಕು ಅನ್ನುವುದರ ಬಗ್ಗೆ ನೂರು ವರ್ಷದಿಂದ ವಾದ ನಡೆದಿದೆ. ಗನ್ ಹಿಡಿಯುವುದು ಹೇಗೆ ಅನ್ನುವುದರ ಬಗ್ಗೆ ಅದರ ಕಾಲು ಭಾಗವೂ ನಡೆದಿಲ್ಲ.

ಅಶ್ವಿನಿ ನಾಚಪ್ಪ, ಎಂ.ಆರ್. ಪೂವಮ್ಮ ಅವರ ನೆಲದಲ್ಲಿ ನಿಂತು ಓಟದ ಬಗ್ಗೆ ಉಪದೇಶ ಮಾಡಲು ಸ್ವಲ್ಪ ಧೈರ್ಯ ಬೇಕು. ಅದಕ್ಕೇ ನಾನು ಓಡುವುದು ಹೇಗೆ ಅಂತ ಹೇಳಲು ಹೋಗುವುದಿಲ್ಲ. ಹೊರಡುವ ಮೊದಲಿನ ಎರಡು ಸೆಕೆಂಡಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಿಯಮ ನಡೆದುಬಂದ ದಾರಿ ಸ್ವಲ್ಪ ನೋಡೋಣ. ಹಿಂದೆ ಗುಂಡಿಗಿಂತ ಮುಂಚೆ ಹೊರಟವರನ್ನು ಓಟದಿಂದ ಹೊರಗೆ ಹಾಕುತ್ತಿರಲಿಲ್ಲ, ಒಂದಿಷ್ಟು ಹಿಂದಕ್ಕೆ ಸರಿಸಿ ನಿಲ್ಲಿಸುತ್ತಿದ್ದರು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ 200 ಮೀಟರ್ ಫೈನಲ್‌ನಲ್ಲಿ ಓಡಿದವರು ನಾಲ್ಕೇ ಜನ. ಅವರಲ್ಲಿ ಆರ್ಚಿ ಹಾನ್ ಒಬ್ಬರನ್ನು ಬಿಟ್ಟು ಉಳಿದ ಮೂವರೂ ಮೊದಲೇ ಹೊರಟರು. ಮೂವರನ್ನೂ ಗೆರೆಯಿಂದ ಹಿಂದಕ್ಕೆ ನಿಲ್ಲಿಸಿದರು. ಗೆದ್ದದ್ದು ಹಾನ್. ಕೇಳಿದರೆ ನಗು ಬರುತ್ತದೆ, ಆದರೆ ಆ ಶಿಕ್ಷೆಯಲ್ಲಿ ಒಂದು ಅಳತೆ ಇತ್ತು. ನೀನು ಇಷ್ಟು ಕದ್ದೆ, ಇಷ್ಟು ಕೊಡು ಅಂತ. ಈಗ ಕದ್ದದ್ದು ಕೂದಲೆಳೆಯಷ್ಟಾದರೂ ಇಡೀ ಆಸ್ತಿ ಜಪ್ತಿ.

ಆಮೇಲೆ ಬಹಳ ಕಾಲ ಒಬ್ಬೊಬ್ಬರಿಗೂ ಒಂದೊಂದು ತಪ್ಪಿಗೆ ಮಾಫಿ ಇತ್ತು. ಎರಡನೇ ಸಲ ತಪ್ಪಿದರೆ ಮಾತ್ರ ಹೊರಗೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ 100 ಮೀಟರ್ ಫೈನಲ್ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮೊದಲು ಲಿನ್‌ಫೋರ್ಡ್ ಕ್ರಿಸ್ಟಿ ತಪ್ಪಿದರು. ಆಮೇಲೆ ಆಟೋ ಬೋಲ್ಡನ್. ಮತ್ತೆ ಕ್ರಿಸ್ಟಿ. 1992ರ ಬಾರ್ಸಿಲೋನಾದ ಚಾಂಪಿಯನ್ ತನ್ನ ಪಟ್ಟ ಉಳಿಸಿಕೊಳ್ಳಲು ಬಂದು, ಓಡದೆಯೇ ಟ್ರ್ಯಾಕ್ ಬಿಡಬೇಕಾಯಿತು. ನಾಲ್ಕನೇ ಸಲ ಓಟ ಸರಿಯಾಗಿ ಹೊರಟಿತು. ಡೊನೊವನ್ ಬೈಲಿ 9.84 ಸೆಕೆಂಡಿನ ವಿಶ್ವದಾಖಲೆ ಮಾಡಿದರು. ಬೈಲಿ ಗುಂಡು ಕೇಳಿ ಹೊರಡಲು ತೆಗೆದುಕೊಂಡದ್ದು 0.174 ಸೆಕೆಂಡ್. ಅಂದರೆ ನಿಧಾನ. ಈ ಅಂಕಿ ನೆನಪಿಟ್ಟುಕೊಳ್ಳಿ, ಮತ್ತೆ ಇದರ ಹತ್ತಿರ ಬರುತ್ತೇನೆ.

ಈ ಮಾಫಿಯ ಪದ್ಧತಿಯಲ್ಲಿ ಒಂದು ಅನ್ಯಾಯ ಇತ್ತು. ತಪ್ಪು ಮಾಡದವರೂ ಮತ್ತೆ ಮತ್ತೆ ಬಗ್ಗಿ ಏಳಬೇಕಿತ್ತು. 1984ರ ಲಾಸ್ ಏಂಜಲೀಸ್ ತೆಗೆದುಕೊಳ್ಳಿ. 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ ಚೆನ್ನಾಗಿಯೇ ಹೊರಟಿದ್ದರು. ಇನ್ನೊಬ್ಬರು ಮೊದಲೇ ಹೊರಟಿದ್ದರಿಂದ ಓಟ ನಿಲ್ಲಿಸಿ ಮತ್ತೆ ಶುರು ಮಾಡಿದರು. ಉಷಾ 55.42 ಸೆಕೆಂಡ್ ಓಡಿದರು. ಕಂಚು ಗೆದ್ದ ರೊಮೇನಿಯಾದ ಓಟಗಾರ್ತಿ 55.41. ಮೊದಲ ಸಲ ಹೊರಟ ಹಾಗೇ ಎರಡನೇ ಸಲವೂ ಹೊರಟಿದ್ದರೆ ಏನಾಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಇನ್ನೊಬ್ಬರ ತಪ್ಪಿಗೆ ನಮ್ಮ ಒಳ್ಳೆ ಸ್ಟಾರ್ಟ್ ನೀರುಪಾಲಾಗುವುದು ಸಣ್ಣ ವಿಷಯ ಅಲ್ಲ.

2003ರಲ್ಲಿ ನಿಯಮ ಬದಲಾಯಿತು. ಇಡೀ ಓಟಕ್ಕೆ ಸೇರಿ ಒಂದೇ ಮಾಫಿ. ಮೊದಲ ತಪ್ಪು ಯಾರೇ ಮಾಡಲಿ, ಎಲ್ಲರಿಗೂ ಎಚ್ಚರಿಕೆ. ಆಮೇಲೆ ಯಾರು ತಪ್ಪಿದರೂ ಹೊರಗೆ. ಇದರಲ್ಲಿ ಜಾಣರು ತಕ್ಷಣ ದಾರಿ ಕಂಡುಕೊಂಡರು. ಸ್ಟಾರ್ಟ್ ಅಷ್ಟು ಚೆನ್ನಾಗಿಲ್ಲದವನು ಬೇಕೆಂದೇ ಮೊದಲೇ ಹೊರಟುಬಿಡಬಹುದು. ಅವನಿಗೆ ಏನೂ ನಷ್ಟ ಇಲ್ಲ. ಚುರುಕಾಗಿ ಹೊರಡುವವರು ಮಾತ್ರ ಎರಡನೇ ಸಲ ಹೆದರಿ ಕೂರುತ್ತಾರೆ. ಅದೇ ವರ್ಷ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಸಾಫಾ ಪೊವೆಲ್ ಮತ್ತು ಜಾನ್ ಡ್ರಮ್ಮಂಡ್ ಇಬ್ಬರನ್ನೂ ಹೊರಗೆ ಹಾಕಿದರು. ಡ್ರಮ್ಮಂಡ್ ನಾನು ಅಲುಗಾಡಲೇ ಇಲ್ಲ ಅಂತ ಟ್ರ್ಯಾಕ್ ಮೇಲೆ ಅಂಗಾತ ಮಲಗಿಬಿಟ್ಟರು! ಟಿವಿಯವರಿಗೆ ಹಬ್ಬ, ಅಧಿಕಾರಿಗಳಿಗೆ ತಲೆನೋವು.

2010ರಿಂದ ಈಗಿನ ನಿಯಮ. ಮಾಫಿ ಇಲ್ಲ. ಮೊದಲ ತಪ್ಪಿಗೇ ಕೆಂಪು ಕಪ್ಪು ಕಾರ್ಡು. ಮರುವರ್ಷ, 2011ರ ಆಗಸ್ಟ್‌ನಲ್ಲಿ, ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಈ ನಿಯಮಕ್ಕೆ ಸಿಕ್ಕಿಬಿದ್ದವರು ಉಸೇನ್ ಬೋಲ್ಟ್. ಅದೂ 100 ಮೀಟರ್ ಫೈನಲ್‌ನಲ್ಲಿ. ಯೋಹಾನ್ ಬ್ಲೇಕ್ 9.92ಕ್ಕೆ ಗೆದ್ದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರಿಟನ್ನಿನ ಝಾರ್ನೆಲ್ ಹ್ಯೂಸ್ ಹೀಗೇ ಹೊರಹೋದರು. ಬೋಲ್ಟ್ ವಿಷಯದಲ್ಲಿ ನನಗೆ ಕನಿಕರ ಆಗುತ್ತದೆ, ಆದರೆ ನಿಯಮದ ಮೇಲೆ ದೂರು ಇಲ್ಲ. ಅವರು ಗುಂಡಿಗಿಂತ ಎಷ್ಟು ಮೊದಲು ಹೊರಟರೆಂದರೆ ಯಂತ್ರ ಬೇಕಿರಲಿಲ್ಲ, ಗ್ಯಾಲರಿಯಲ್ಲಿ ಕೂತವರಿಗೂ ಕಾಣುತ್ತಿತ್ತು.

ಕಷ್ಟ ಇರುವುದು ಕಣ್ಣಿಗೆ ಕಾಣದ ಫಾಲ್ಸ್ ಸ್ಟಾರ್ಟ್‌ನಲ್ಲಿ. ನಿಯಮದಲ್ಲಿ ಒಂದು ಗೆರೆ ಇದೆ, 0.100 ಸೆಕೆಂಡ್. ಗುಂಡು ಹೊಡೆದ ಮೇಲೆ ಹೊರಟರೂ, 0.100ಕ್ಕಿಂತ ಬೇಗ ಹೊರಟರೆ ಅದೂ ಫಾಲ್ಸ್ ಸ್ಟಾರ್ಟೇ. ಮನುಷ್ಯನ ಕೈಲಿ ಸದ್ದು ಕೇಳಿ ಅಷ್ಟು ಬೇಗ ಹೊರಡಲು ಆಗುವುದಿಲ್ಲ, ಹಾಗಾಗಿ ಅವನು ಊಹೆ ಮಾಡಿದ್ದಾನೆ, ಇದು ವಾದ. ಈ ಹತ್ತನೇ ಒಂದು ಸೆಕೆಂಡ್ ಅಂದರೆ ಎಷ್ಟು ಅಂತ ಕೈಯಲ್ಲೇ ತೋರಿಸುತ್ತೇನೆ. ಯಾರಾದರೂ ಓಟದ ಮಕ್ಕಳು ಬನ್ನಿ. ಬಾಮ್ಮ, ಹೆದರಬೇಡ, ಇಲ್ಲಿ ಡಿಸ್‌ಕ್ವಾಲಿಫೈ ಮಾಡುವವರು ಯಾರೂ ಇಲ್ಲ.

(ಮುಂದಿನ ಸಾಲಿನಿಂದ ಹೈಸ್ಕೂಲು ಹುಡುಗಿಯೊಬ್ಬಳು ವೇದಿಕೆಗೆ ಬಂದಳು.)

ಇದು ಅಂಗಡಿಯಲ್ಲಿ ಸಿಗುವ 30 ಸೆಂಟಿಮೀಟರ್ ಸ್ಕೇಲು. ನಾನು ಮೇಲಿನ ತುದಿ ಹಿಡಿದಿರುತ್ತೇನೆ. ನೀನು ಕೆಳಗಿನ ಸೊನ್ನೆ ಗೆರೆಯ ಹತ್ತಿರ ಹೆಬ್ಬೆರಳು, ತೋರುಬೆರಳು ಅಗಲಿಸಿ ಇಟ್ಟುಕೋ. ಮುಟ್ಟಬೇಡ. ನಾನು ಬಿಟ್ಟ ಕೂಡಲೇ ಹಿಡಿ. ... ಎಷ್ಟು ಬಂತು? 19. ಒಳ್ಳೆಯದೇ. ಸ್ಕೇಲು 19 ಸೆಂಟಿಮೀಟರ್ ಬೀಳಲು 0.2 ಸೆಕೆಂಡಿಗೆ ಒಂಚೂರು ಕಡಿಮೆ ಬೇಕು. ಇದು ಕಣ್ಣಿನಿಂದ ನೋಡಿ ಹಿಡಿದದ್ದು. ಕಿವಿಯಿಂದ ಕೇಳಿ ಹಿಡಿದರೆ ಇನ್ನೂ ಸ್ವಲ್ಪ ಬೇಗ ಆಗುತ್ತದೆ. ಈಗ 0.100 ಸೆಕೆಂಡಿನಲ್ಲಿ ಸ್ಕೇಲು ಎಷ್ಟು ಬೀಳುತ್ತದೆ? ಐದು ಸೆಂಟಿಮೀಟರ್. ನಿನ್ನ ಎರಡೂವರೆ ಬೆರಳಿನ ಅಗಲ, ಅಷ್ಟೇ. ಅಷ್ಟರೊಳಗೆ ಹಿಡಿದರೆ ಯಂತ್ರ ನಿನ್ನನ್ನು ಕಳ್ಳಿ ಅನ್ನುತ್ತದೆ.

ಈಗ ಇನ್ನೊಂದು ಸಲ. ಈ ಸಲ ನಾನು ಒಂದು, ಎರಡು, ಮೂರು ಅಂತ ಎಣಿಸಿ ಬಿಡುತ್ತೇನೆ. ... ನಾಲ್ಕು ಸೆಂಟಿಮೀಟರ್! ನೋಡಿದಿರಾ? ಇವಳ ನರಗಳು ಅರ್ಧ ನಿಮಿಷದಲ್ಲಿ ಎರಡು ಪಟ್ಟು ಚುರುಕಾಗಲಿಲ್ಲ. ನನ್ನ ತಾಳ ಅವಳಿಗೆ ಸಿಕ್ಕಿತು. ಮೂರನೇ ಸಲ, ಅದೇ ಒಂದು, ಎರಡು, ಮೂರು. ... ನಾನು ಬಿಡಲೇ ಇಲ್ಲ, ಅವಳು ಹಿಡಿದಾಯಿತು. ಫಾಲ್ಸ್ ಸ್ಟಾರ್ಟ್. ನೀವು ನಗುತ್ತಿದ್ದೀರಿ, ಸರಿ. ಆದರೆ ತಪ್ಪು ಯಾರದು? ತಾಳ ಕಲಿಸಿದ್ದು ನಾನು. ತಾಳ ತಪ್ಪಿಸಿದ್ದೂ ನಾನೇ. ಹೊರಗೆ ಹೋಗುವುದು ಮಾತ್ರ ಅವಳು. ಹೋಗಿ ಕೂತ್ಕೊಳಮ್ಮ, ಚಪ್ಪಾಳೆ ತಟ್ಟಿ ಅವಳಿಗೆ.

ಹಾಗಾದರೆ 0.100 ಅನ್ನುವುದು ಮೈಯ ನಿಜವಾದ ಮಿತಿಯಾ? ಸದ್ದು ಕಿವಿಗೆ ಬಂದು, ಅಲ್ಲಿಂದ ಮಿದುಳಿಗೆ, ಮಿದುಳಿನ ಬುಡದಿಂದ ಬೆನ್ನುಹುರಿಗೆ, ಅಲ್ಲಿಂದ ತೊಡೆ ಮತ್ತು ಮೀನಖಂಡದ ಸ್ನಾಯುಗಳಿಗೆ ಹೋಗಬೇಕು. ಸ್ನಾಯು ಬಿಗಿದು, ಓಟಗಾರ ಕಾಲು ಊರಿ ಒದೆಯುವ ಬ್ಲಾಕಿನ ಮೇಲೆ ಬಲ ಬೀಳಬೇಕು. ಇದಕ್ಕೆಲ್ಲ ಸಮಯ ಬೇಕು, ನಿಜ. ಆದರೆ ಎಲ್ಲರಿಗೂ 0.100ಕ್ಕಿಂತ ಜಾಸ್ತಿಯೇ ಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ನೇ ಫಿನ್ಲೆಂಡಿನ ವಿಜ್ಞಾನಿಗಳಿಂದ ಅಧ್ಯಯನ ಮಾಡಿಸಿತ್ತು. 2009ರಲ್ಲಿ ಅವರು ಕೊಟ್ಟ ಸಲಹೆ, ಈ ಗೆರೆಯನ್ನು 0.080 ಅಥವಾ 0.085ಕ್ಕೆ ಇಳಿಸಿ ಅಂತ. ಗೆರೆ ಇಳಿಯಲಿಲ್ಲ. ಮರುವರ್ಷವೇ ಮಾಫಿ ತೆಗೆದುಹಾಕಿದರು. ಅನುಮಾನದ ಗೆರೆಯನ್ನು ಅಲ್ಲೇ ಬಿಟ್ಟು ಶಿಕ್ಷೆಯನ್ನು ಮಾತ್ರ ಏರಿಸಿದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಅದರ ಪೆಟ್ಟು ಯಾರಿಗೆ ಬಿತ್ತು ಗೊತ್ತಾ? 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. 110 ಮೀಟರ್ ಹರ್ಡಲ್ಸ್ ಫೈನಲ್. ಡೆವನ್ ಆಲನ್ ಓದಿದ ಯೂನಿವರ್ಸಿಟಿಯದೇ ಮೈದಾನ, ಜನರೆಲ್ಲ ಅವರ ಕಡೆ. ಕೆಲವೇ ವಾರಗಳ ಹಿಂದೆ 12.84 ಓಡಿದ್ದರು. ಸೆಮಿಫೈನಲ್‌ನಲ್ಲಿ ಅವರ ರಿಯಾಕ್ಷನ್, ಅಂದರೆ ಗುಂಡು ಕೇಳಿ ಹೊರಡಲು ತೆಗೆದುಕೊಂಡ ಸಮಯ, 0.101, ಪಾಸ್. ಫೈನಲ್‌ನಲ್ಲಿ 0.099, ಹೊರಗೆ. ಗುಂಡು ಹೊಡೆದ ಮೇಲೆಯೇ ಹೊರಟಿದ್ದರು. ಗೆರೆಗಿಂತ ಸೆಕೆಂಡಿನ ಸಾವಿರದ ಒಂದು ಭಾಗ ಬೇಗ, ಅಷ್ಟೇ. ಇವರು ಊಹೆ ಮಾಡಿದರು ಅನ್ನುವುದಕ್ಕಿಂತ, ಸೆಟ್‌ನಲ್ಲಿ, ಅಂದರೆ ಸೊಂಟ ಎತ್ತಿ ಗುಂಡಿಗೆ ಕಾಯುವಾಗ, ಚುರುಕಾಗಿ ಕೇಳಿಸಿಕೊಂಡು ಹೊರಡುವ ಓಟಗಾರ ಅನ್ನುವುದೇ ಆ ಎರಡು ಅಂಕಿಗಳಿಂದ ನನಗೆ ಕಾಣುತ್ತದೆ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಯಂತ್ರ ಓಟಗಾರನ ಮಿದುಳನ್ನು ಅಳೆಯುವುದಿಲ್ಲ. ಬ್ಲಾಕಿಗೆ ಬಿದ್ದ ಬಲವನ್ನು ಅಳೆಯುತ್ತದೆ. ಬಲ ಇಷ್ಟು ದಾಟಿದರೆ ಹೊರಟ ಅಂತ ಲೆಕ್ಕ. ಬೇರೆ ಬೇರೆ ಕಂಪನಿಯ ಯಂತ್ರ ಈ ಲೆಕ್ಕವನ್ನು ಬೇರೆ ಬೇರೆ ರೀತಿ ಮಾಡುತ್ತದೆ. ಹೆಂಗಸರು ಬ್ಲಾಕನ್ನು ಒದೆಯುವ ಬಲ ಗಂಡಸರಿಗಿಂತ ಕಡಿಮೆ. ಹಾಗಾಗಿ ಅಷ್ಟೇ ಬೇಗ ಹೊರಟರೂ ಯಂತ್ರಕ್ಕೆ ತಡವಾಗಿ ಗೊತ್ತಾಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್ ಅಂಕಿಗಳನ್ನು ನೋಡಿದ ಸಂಶೋಧಕರು ಇದನ್ನೇ ಹೇಳಿದರು. ಅಂದರೆ ಒಬ್ಬ ಹುಡುಗಿ ನಿಜವಾಗಿಯೂ ಊಹೆ ಮಾಡಿ ಹೊರಟರೂ ತಪ್ಪಿಸಿಕೊಳ್ಳಬಹುದು. ಬಲವಾಗಿ ಒದೆಯುವ ಹುಡುಗ ಪ್ರಾಮಾಣಿಕವಾಗಿ ಹೊರಟರೂ ಸಿಕ್ಕಿಬೀಳಬಹುದು.

ಇಷ್ಟೆಲ್ಲ ಗದ್ದಲ ಮಾಡಿ ಕಾಪಾಡುತ್ತಿರುವ ಲಾಭವಾದರೂ ಎಷ್ಟು? ಒಳ್ಳೆಯ ಓಟಗಾರ ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ ಓಡುತ್ತಾನೆ. ಹಾಗಾಗಿ 0.1 ಸೆಕೆಂಡ್ ಅಂದರೆ ಕೊನೆಯ ಗೆರೆಯಲ್ಲಿ ಒಂದು ಮೀಟರ್ ಮೇಲೆ. ಇದು ದೊಡ್ಡದೇ. ಅದಕ್ಕೇ ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789. ಇಬ್ಬರೂ ಹಲಗೆಯ ಮೇಲೆ 9.79, ಸಾವಿರದ ಐದು ಭಾಗದಲ್ಲಿ ಚಿನ್ನ. ಆ ಫೈನಲ್‌ನಲ್ಲಿ ಲೈಲ್ಸ್ ರಿಯಾಕ್ಷನ್ 0.178. ಎಂಟು ಜನರಲ್ಲಿ ಅವರಿಗಿಂತ ತಡವಾಗಿ ಹೊರಟವರು ಯಾರೂ ಇಲ್ಲ. ಮೂರನೆಯವರಾದ ಫ್ರೆಡ್ ಕರ್ಲಿ ಹೊರಟದ್ದು 0.108ಕ್ಕೆ. ಆಗಲೇ ಹೇಳಿದ ಬೈಲಿಯ 0.174 ನೆನಪಿದೆಯಲ್ವಾ? ಬೋಲ್ಟ್ 9.58 ಓಡಿದಾಗ 0.146. ಮಕ್ಕಳೇ, ನಿಮ್ಮ ಕೋಚ್ ದಿನವೂ ಸ್ಟಾರ್ಟ್, ಸ್ಟಾರ್ಟ್ ಅಂತ ಬೈದರೆ ಬೇಜಾರು ಮಾಡಿಕೊಳ್ಳಬೇಡಿ, ಆದರೆ ಗುಂಡನ್ನು ಊಹಿಸಿ ಗೆಲ್ಲುತ್ತೇನೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಈಗ ಗನ್ ಹಿಡಿದವರ ಕೈಗೆ ಬರೋಣ. ಸೆಟ್ ಅಂದ ಮೇಲೆ ಎಷ್ಟು ಹೊತ್ತು ಕಾಯಬೇಕು? ನಿಯಮದಲ್ಲಿ ಸೆಕೆಂಡ್ ಲೆಕ್ಕ ಇಲ್ಲ. ಎಲ್ಲರೂ ಅಲುಗಾಡದೆ ನಿಂತ ಮೇಲೆ ಹೊಡೆಯಬೇಕು, ಅಷ್ಟೇ. ಇಲ್ಲೇ ಇದೆ ಗುಟ್ಟು. ಗನ್ ಹಿಡಿದ ಸ್ಟಾರ್ಟರ್ ಪ್ರತಿ ಹೀಟ್‌ನಲ್ಲೂ, ಅಂದರೆ ಫೈನಲ್‌ಗೆ ಮುಂಚಿನ ಪ್ರತಿ ಸುತ್ತಿನ ಓಟದಲ್ಲೂ, ಒಂದೇ ತಾಳದಲ್ಲಿ ಹೊಡೆದರೆ ಐದನೇ ಹೀಟ್‌ನ ಮಕ್ಕಳು ನಾಲ್ಕು ಹೀಟ್ ನೋಡಿ ತಾಳ ಕಲಿತಿರುತ್ತಾರೆ. ಮೊದಲ ಹೀಟ್‌ನವರಿಗೆ ಆ ಅನುಕೂಲ ಇಲ್ಲ. ಬಹಳ ಹೊತ್ತು ಕಾಯಿಸಿದರೂ ತಪ್ಪು. ಬೆರಳ ತುದಿಯ ಮೇಲೆ ಭಾರ ಹಾಕಿ, ಸೊಂಟ ಎತ್ತಿ ನಿಂತ ಹುಡುಗನ ತೊಡೆ ಮೂರು ಸೆಕೆಂಡಿಗೆಲ್ಲ ನಡುಗಲು ಶುರುವಾಗುತ್ತದೆ. ಆಗ ಅವನು ಅಲುಗಾಡಿದರೆ ಅದು ಮೋಸ ಅಲ್ಲ, ಸುಸ್ತು. ಯಾರಾದರೂ ಸ್ಥಿರವಾಗಿಲ್ಲ ಅನಿಸಿದರೆ ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, ಮತ್ತೆ ಶುರು ಮಾಡಿ. ಎಬ್ಬಿಸುವುದು ಸ್ಟಾರ್ಟರ್‌ಗೆ ಅವಮಾನ ಅಲ್ಲ. ನನ್ನ ಮಟ್ಟಿಗೆ ಒಳ್ಳೆಯ ಸ್ಟಾರ್ಟರ್ ಅಂದರೆ ಹೆಚ್ಚು ಜನರನ್ನು ಹಿಡಿದವರಲ್ಲ, ಹಿಡಿಯುವ ಸಂದರ್ಭವನ್ನೇ ಕಡಿಮೆ ಮಾಡಿದವರು.

ಇನ್ನು ಸದ್ದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಲೇನ್ 1.22 ಮೀಟರ್ ಅಗಲ. ನೀವು ಒಂದನೇ ಲೇನ್ ಪಕ್ಕದಲ್ಲಿ ನಿಂತು ಗುಂಡು ಹೊಡೆದರೆ ಎಂಟನೇ ಲೇನ್ ಎಂಟೂವರೆ ಮೀಟರ್ ಆಚೆಗಿದೆ. ಅಲ್ಲಿಯ ಹುಡುಗನಿಗೆ 0.025 ಸೆಕೆಂಡ್ ತಡ. ಪ್ಯಾರಿಸ್‌ನಲ್ಲಿ ಚಿನ್ನ ಬೆಳ್ಳಿ ನಿರ್ಧಾರವಾದದ್ದು ಇದರ ಐದನೇ ಒಂದು ಭಾಗದಲ್ಲಿ! 400 ಮೀಟರ್ ಇನ್ನೂ ಕೆಟ್ಟದು. ಅಲ್ಲಿ ತಿರುವಿನಲ್ಲಿ ಒಬ್ಬರಿಗಿಂತ ಒಬ್ಬರು ಮುಂದೆ ನಿಂತಿರುತ್ತಾರೆ. ಒಂದನೇ ಲೇನ್‌ನ ಗೆರೆಯಿಂದ ಎಂಟನೇ ಲೇನ್‌ನ ಗೆರೆಗೆ ನೇರ ದೂರವೇ 45 ಮೀಟರ್ ದಾಟುತ್ತದೆ. ಒಂದನೇ ಲೇನ್‌ನವರ ಪಕ್ಕ ನಿಂತು ಹೊಡೆದರೆ ಎಂಟನೆಯವರಿಗೆ 0.13 ಸೆಕೆಂಡ್ ತಡವಾಗಿ ಕೇಳುತ್ತದೆ. ಅದಕ್ಕೇ ಸ್ಟಾರ್ಟರ್ ಒಳಗಿನ ಹುಲ್ಲಿನ ಮೇಲೆ, ಎಲ್ಲರಿಗೂ ಹೆಚ್ಚುಕಡಿಮೆ ಸಮ ದೂರದಲ್ಲಿ ನಿಲ್ಲಬೇಕು.

ದೊಡ್ಡ ಕೂಟಗಳಲ್ಲಿ ಪ್ರತಿ ಬ್ಲಾಕಿನ ಹಿಂದೆ ಒಂದು ಸ್ಪೀಕರ್ ಇರುತ್ತದೆ. ಆದರೂ ಗನ್ನಿನ ನಿಜವಾದ ಸದ್ದು ಹತ್ತಿರದವರಿಗೆ ಜೋರಾಗಿ ಕೇಳುತ್ತಿತ್ತು. ಜೋರಾದ ಸದ್ದಿಗೆ ಮೈ ಬೇಗ ಬೆಚ್ಚುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್ ಅಂಕಿ ನೋಡಿದವರು ಒಂದನೇ ಲೇನ್‌ನವರು ಉಳಿದವರಿಗಿಂತ ಬೇಗ ಹೊರಟಿದ್ದನ್ನು ಕಂಡರು. ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ಗನ್. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಒಮೆಗಾ ಕಂಪನಿ ಅದನ್ನು ತಂದಿತು. ಅದರಲ್ಲಿ ಸದ್ದು ಸ್ಪೀಕರ್‌ನಿಂದಷ್ಟೇ ಬರುತ್ತದೆ. ಕಿವುಡರ ಒಲಿಂಪಿಕ್ಸ್‌ನಲ್ಲಂತೂ ಸದ್ದೇ ಇಲ್ಲ, ಓಟಗಾರರ ಮುಂದೆ ದೀಪ ಇಡುತ್ತಾರೆ. ನ್ಯಾಯಕ್ಕೆ ಕೋವಿಯೇ ಬೇಕು ಅಂತ ಎಲ್ಲೂ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿ ಗುರಿ ಇಟ್ಟು ಹೊಡೆಯುವ ನಮಗೆ ಈ ಮಾತು ಸ್ವಲ್ಪ ಸಪ್ಪೆ ಅನಿಸಬಹುದು, ಏನು ಮಾಡೋದು!

ನಮ್ಮ ಶಾಲಾ ಕೂಟಗಳಲ್ಲಿ ಎಲೆಕ್ಟ್ರಾನಿಕ್ ಗನ್ ಎಲ್ಲಿಂದ ಬರಬೇಕು? ಮರದ ಕ್ಲಾಪರ್ ಇರುತ್ತದೆ, ಇಲ್ಲದಿದ್ದರೆ ವಿಸಿಲ್. ವಿಸಿಲ್ ಬಗ್ಗೆ ಒಂದು ಘಟನೆ ಹೇಳಬೇಕು. ಯಾವ ಶಾಲೆ, ಯಾವ ವರ್ಷ ಬೇಡ. 14 ವರ್ಷದೊಳಗಿನವರ 100 ಮೀಟರ್ ಹೀಟ್. ಟ್ರ್ಯಾಕಿಗೆ ತಾಗಿದ ಹಾಗೇ ಥ್ರೋಬಾಲ್ ಅಂಕಣ. ಮಕ್ಕಳು ಸೆಟ್‌ನಲ್ಲಿ ಇದ್ದಾರೆ, ಥ್ರೋಬಾಲ್ ರೆಫ್ರಿ ಯಾವುದೋ ಫೌಲಿಗೆ ವಿಸಿಲ್ ಊದಿದರು. ನಾಲ್ಕನೇ ಲೇನ್‌ನ ಹುಡುಗ ಓಡಿಯೇಬಿಟ್ಟ. ಬರಿಗಾಲು, ಮೊಣಕಾಲಿಗೆ ಕೆಮ್ಮಣ್ಣು. ಮೂವತ್ತು ಮೀಟರ್ ಹೋದ ಮೇಲೆ ಹಿಂದೆ ಯಾರೂ ಇಲ್ಲ ಅಂತ ಗೊತ್ತಾಗಿ ತಿರುಗಿ ನೋಡಿದ. ಅಂತಾರಾಷ್ಟ್ರೀಯ ನಿಯಮ, ಒಂದೇ ತಪ್ಪಿಗೆ ಔಟ್ ಅಂತ ಅವನನ್ನು ಕಳಿಸಿದರು. ಹುಡುಗ ವಾದವನ್ನೂ ಮಾಡಲಿಲ್ಲ. ಚೀಲ ತೆಗೆದುಕೊಂಡು ಮರದ ಕೆಳಗೆ ಕೂತ. ಅವನ ಊರಿನ ಬಸ್ಸು ಇದ್ದದ್ದು ಸಂಜೆಗೆ.

ಒಲಿಂಪಿಕ್ಸ್‌ನ ಶಿಕ್ಷೆಯನ್ನು ನಾವು ತಂದೆವು. ಒಲಿಂಪಿಕ್ಸ್‌ನ ಸ್ಪೀಕರ್ ತರಲಿಲ್ಲ, ಸೆನ್ಸರ್ ತರಲಿಲ್ಲ, ಸ್ಟಾರ್ಟ್ ಹೊತ್ತಿಗೆ ಇಡೀ ಸ್ಟೇಡಿಯಂ ಸುಮ್ಮನಿರುವ ಶಿಸ್ತನ್ನೂ ತರಲಿಲ್ಲ. ನಿಜ ಹೇಳಬೇಕೆಂದರೆ ಅಂತಾರಾಷ್ಟ್ರೀಯ ನಿಯಮವೂ ಇಷ್ಟು ಕಟುವಾಗಿಲ್ಲ. ಹೊರಗಿನ ಸದ್ದಿನಿಂದ ಹಾಗಾದರೆ ಯಾರಿಗೂ ತಪ್ಪು ಹೊರಿಸದೆ ಹಸಿರು ಕಾರ್ಡ್ ತೋರಿಸಿ ಮತ್ತೆ ಓಡಿಸಬಹುದು. ಹಸಿರು ಕಾರ್ಡಿನ ವಿಷಯ ಆ ದಿನ ಮೈದಾನದಲ್ಲಿದ್ದ ಯಾರೂ ಎತ್ತಲಿಲ್ಲ. ಡೆಕಾಥ್ಲಾನ್, ಹೆಪ್ಟಾಥ್ಲಾನ್‌ನಂತಹ ಸಂಯುಕ್ತ ಸ್ಪರ್ಧೆಗಳಲ್ಲಿ ಇವತ್ತಿಗೂ ಪ್ರತಿ ಓಟಕ್ಕೆ ಒಂದು ಮಾಫಿ ಇದೆ. ಎರಡು ದಿನದ ಶ್ರಮ ಒಂದು ಅಲುಗಾಟಕ್ಕೆ ಹಾಳಾಗಬಾರದು ಅಂತ. ಆ ಕನಿಕರವನ್ನು ಹತ್ತಾರು ಮೈಲಿ ದೂರದಿಂದ ಬಂದ ಎಂಟನೇ ಕ್ಲಾಸಿನ ಹುಡುಗನಿಗೆ ಯಾಕೆ ತೋರಿಸಬಾರದು? 17 ವರ್ಷದೊಳಗಿನ ಎಲ್ಲ ಓಟಗಳಿಗೂ ತಾಲ್ಲೂಕು ಮಟ್ಟದಲ್ಲಿ ಇದೇ ನಿಯಮ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಬೇಕೆಂದೇ ತಪ್ಪುವ ಜಾಣರು ಹುಟ್ಟಿಕೊಳ್ಳುತ್ತಾರೆ ಅಂತ ನೀವು ಹೇಳಬಹುದು. ಹೇಳಿ. ಹದಿಮೂರು ವರ್ಷದವನು ಅಷ್ಟು ಲೆಕ್ಕಾಚಾರ ಮಾಡಿದರೆ ಅವನನ್ನು ಕರೆದು ಬೈಯೋಣ.

ದೊಡ್ಡವರ ಮಟ್ಟದಲ್ಲಿ ಒಂದು ಒಳ್ಳೆಯ ದಾರಿ ಈಗಾಗಲೇ ಇದೆ. ಅನುಮಾನ ಇದ್ದರೆ ಪ್ರತಿಭಟನೆಯ ಮೇಲೆ ಓಡಲು ಬಿಡುವುದು. ಓಡು, ಆಮೇಲೆ ನೋಡೋಣ ಅಂತ. ಹಾಂಗ್‌ಝೌ ಏಷ್ಯನ್ ಗೇಮ್ಸ್ ನಡೆದದ್ದು 2023ರಲ್ಲಿ. ಅದರ 100 ಮೀಟರ್ ಹರ್ಡಲ್ಸ್ ಫೈನಲ್ ನೀವು ಟಿವಿಯಲ್ಲಿ ನೋಡಿರಬಹುದು. ಚೀನಾದ ವು ಯಾನ್ನಿ ಗುಂಡಿಗಿಂತ ಮೊದಲೇ ಹೊರಟರು. ಪಕ್ಕದಲ್ಲಿದ್ದ ನಮ್ಮ ಜ್ಯೋತಿ ಯರ್ರಾಜಿ ಅವರನ್ನು ನೋಡಿ ಹೊರಟರು. ಮೊದಲು ಜ್ಯೋತಿಯನ್ನೇ ಹೊರಗೆ ಹಾಕಿದರು. ಜ್ಯೋತಿ ಬಿಡಲಿಲ್ಲ. ಅಧಿಕಾರಿಗಳ ಜೊತೆ ಪರದೆಯ ಮುಂದೆ ನಿಂತು ನೋಡಿದರು, ವಾದಿಸಿದರು. ಕೊನೆಗೆ ಇಬ್ಬರನ್ನೂ ಓಡಲು ಬಿಟ್ಟರು. ವು ಎರಡನೆಯವರಾದರು, ಜ್ಯೋತಿ ಮೂರನೆಯವರು. ಆಮೇಲೆ ವು ಅನರ್ಹರಾದರು, ಜ್ಯೋತಿಗೆ 12.91 ಸೆಕೆಂಡಿನಲ್ಲಿ ಬೆಳ್ಳಿ.

ಇಲ್ಲಿ ಗಮನಿಸಬೇಕಾದದ್ದು, ಪಕ್ಕದವರು ಅಲುಗಾಡಿದರೆ ಮೈ ತಾನಾಗೇ ಹೊರಡುತ್ತದೆ. ಅದಕ್ಕೇ ಅಷ್ಟು ತರಬೇತಿ ಕೊಟ್ಟಿರುತ್ತಾರೆ. ಊಹಿಸಿ ಹಾರಿದವರು, ಪಕ್ಕದವರನ್ನು ನೋಡಿ ಹೊರಟವರು, ಹೊರಗಿನ ಸದ್ದಿಗೆ ಬೆಚ್ಚಿದವರು, ನಿಜವಾಗಿಯೂ ಚುರುಕಾಗಿ ಕೇಳಿಸಿಕೊಂಡವರು, ಇವರೆಲ್ಲರಿಗೂ ಒಂದೇ ಬಣ್ಣದ ಕಾರ್ಡು ಸಿಕ್ಕಿಬಿಡಬಹುದು. ವು ಅವರದ್ದು ಮೊದಲ ಜಾತಿ, ಅದಕ್ಕೆ ಶಿಕ್ಷೆ ಸರಿ. ಡೆವನ್ ಆಲನ್ ಕೊನೆಯ ಜಾತಿ ಇರಬಹುದು ಅನ್ನುವ ಅನುಮಾನ ಇದ್ದಾಗ ಅವರನ್ನೂ ಓಡಲು ಬಿಡಬೇಕಿತ್ತು. 0.080 ಮತ್ತು 0.100ರ ನಡುವೆ ಬಂದವರನ್ನು ಓಡಿಸಿ, ಬ್ಲಾಕಿನ ಮೇಲೆ ಬಲ ಹೇಗೆ ಏರಿತು ಅಂತ ಕೂತು ನೋಡಿ, ಆಮೇಲೆ ತೀರ್ಮಾನಿಸಲಿ. ಓಡಿದ ಓಟವನ್ನು ಅಳಿಸಬಹುದು. ಓಡದೇ ಹೋದದ್ದನ್ನು ಮತ್ತೆ ಓಡಿಸಲು ಆಗುವುದಿಲ್ಲ.

ಸುಮ್ನೆ ಒಂದು ಪಕ್ಕದ ಮಾತು. ಕಗ್ಗೋಡ್ಲಿನ ಕೆಸರುಗದ್ದೆ ಓಟ ನೋಡಿದ್ದೀರಲ್ಲ. ಅಲ್ಲಿ ಯಾವಾಗಲೂ ಯಾರಾದರೂ ಒಬ್ಬ ಮೊದಲೇ ಹೊರಟಿರುತ್ತಾನೆ. ಯಾರೂ ಕಾರ್ಡು ತೋರಿಸುವುದಿಲ್ಲ. ಯಾಕೆಂದರೆ ಹತ್ತು ಹೆಜ್ಜೆಗೆ ಅವನು ಮೊಣಕಾಲುದ್ದ ಹೂತು ಮುಖ ಕೆಳಗಾಗಿ ಬಿದ್ದಿರುತ್ತಾನೆ. ಸ್ಟಾರ್ಟಿನ ಲಾಭ ಅಲ್ಲಿ ನಿಲ್ಲುವುದಿಲ್ಲ, ಹಾಗಾಗಿ ನಿಯಮವೂ ಬೇಕಿಲ್ಲ. ಹಾಗೇ 400 ಮೀಟರಿಗಿಂತ ಉದ್ದದ ಓಟದಲ್ಲಿ ಬ್ಲಾಕೂ ಇಲ್ಲ, ಸೆಟ್ ಅನ್ನುವ ಆಜ್ಞೆಯೂ ಇಲ್ಲ.

ಟೈಮ್ ಕೀಪರ್‌ಗಳಿಗೂ ಒಂದು ಮಾತು. ನೀವು ಕೊನೆಯ ಗೆರೆಯಲ್ಲಿ ನಿಂತು ಸದ್ದು ಕೇಳಿ ಗಡಿಯಾರ ಒತ್ತಿದರೆ 100 ಮೀಟರ್ ದೂರದಿಂದ ಸದ್ದು ಬರಲು 0.29 ಸೆಕೆಂಡ್ ಆಗುತ್ತದೆ. ಅಷ್ಟು ಸಮಯ ಪುಕ್ಕಟೆ ಸಿಕ್ಕಿ ನಿಮ್ಮ ಶಾಲೆಯಲ್ಲಿ ದಾಖಲೆಗಳ ಸುರಿಮಳೆ ಆಗುತ್ತದೆ. ಗನ್ನಿನ ಹೊಗೆ ನೋಡಿ ಒತ್ತಬೇಕು. ಕ್ಲಾಪರ್ ಆದರೆ ಹಲಗೆಗಳು ಕೂಡುವುದನ್ನು ನೋಡಿ. ಮಡಿಕೇರಿಯಲ್ಲಿ ಮಂಜು ಬಿದ್ದ ದಿನ ಎರಡೂ ಕಾಣುವುದಿಲ್ಲ, ಆಗ ಕೆಂಪು ಬಾವುಟ ಹಿಡಿದ ಒಬ್ಬರನ್ನು ಸ್ಟಾರ್ಟರ್ ಪಕ್ಕ ನಿಲ್ಲಿಸಿ. ಅದೂ ಕಾಣದಿದ್ದರೆ ಮಂಜು ಸರಿಯುವವರೆಗೆ ಕಾಯಿರಿ, ಊಟ ಸ್ವಲ್ಪ ತಡವಾದರೆ ಆಗಲಿ.

ಹಿಂದಿನ ಸಾಲಿನಿಂದ ಒಬ್ಬರು ಮೇಷ್ಟ್ರು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಮೊಬೈಲಿನಲ್ಲಿ ಸ್ಟಾರ್ಟರ್ ಗನ್ನಿನ ಆ್ಯಪ್ ಹಾಕಿಕೊಂಡು ಬ್ಲೂಟೂತ್ ಸ್ಪೀಕರ್‌ನಿಂದ ಸದ್ದು ಕೊಡಬಹುದಾ ಅಂತ. ಕೊಡಬಹುದು. ಸೆಟ್ ಆದ ಮೇಲೆ ಎಷ್ಟು ಹೊತ್ತಿಗೆ ಸದ್ದು ಅನ್ನುವುದನ್ನು ಪ್ರತಿ ಸಲ ಬೇರೆ ಬೇರೆ ಮಾಡುವ ಆ್ಯಪ್ ಆದರೆ ತಾಳ ಕಲಿಯುವ ಸಮಸ್ಯೆಯೂ ಹೋಗುತ್ತದೆ. ಆದರೆ ಮಕ್ಕಳು ಸ್ಥಿರವಾಗಿದ್ದಾರಾ ಅಂತ ಆ್ಯಪ್ ನೋಡುವುದಿಲ್ಲ, ಹಾಗಾಗಿ ತಡೆಯುವ ಬಟನ್ ಮೇಲೆ ನಿಮ್ಮ ಬೆರಳು ಇರಲಿ. ಇನ್ನೊಂದು, ಬ್ಲೂಟೂತ್‌ನಲ್ಲಿ ಸದ್ದು ಒತ್ತಿದ ಕ್ಷಣಕ್ಕೇ ಬರುವುದಿಲ್ಲ, ತಡ ಇದೆ. ಒಂದೇ ಸ್ಪೀಕರ್ ಆದರೆ ಓಟಗಾರರ ಮಟ್ಟಿಗೆ ಚಿಂತೆ ಇಲ್ಲ. ಎರಡು ಸ್ಪೀಕರ್ ಆ ಕಡೆ ಈ ಕಡೆ ಇಟ್ಟರೆ ಒಂದಕ್ಕೆ ಬೇಗ, ಇನ್ನೊಂದಕ್ಕೆ ತಡವಾಗಿ ಬಂದು ಕೆಡುತ್ತದೆ. ಎರಡು ಇಡುವುದಾದರೆ ವೈರ್ ಇರುವುದನ್ನೇ ತನ್ನಿ. ಮಳೆ ಬಂದರೆ ಮುಚ್ಚಲು ಒಂದು ಪ್ಲಾಸ್ಟಿಕ್ ಹಾಳೆಯನ್ನೂ.